ಬ್ಯಾಂಕಾಕಿಗೆ ಹೋಗಿದ್ದವಳು

ಯಳಂದೂರಿನ ಗೊಬ್ಬರದ ಅಂಗಡಿ ಗುರುಪ್ರಕಾಶನ ಹೆಂಡತಿ ಮಾಲಿನಿ ಥಾಯ್ಲೆಂಡಿಗೆ ಹೋಗುತ್ತಾಳೆಂಬ ಸುದ್ದಿ ಅವಳ ಕಿವಿಗೆ ಬೀಳುವ ಮೊದಲೇ ಊರಿಗೆಲ್ಲ ಹಬ್ಬಿತ್ತು. ಬೆಳೆಗೆ ಹೊಡೆಯುವ ಔಷಧಿಯ ಕಂಪನಿಯೊಂದು, ಆ ವರ್ಷ ಚೆನ್ನಾಗಿ ವ್ಯಾಪಾರ ಮಾಡಿಕೊಟ್ಟ ಅಂಗಡಿಯವರನ್ನೆಲ್ಲ ಹೆಂಡತಿ ಸಮೇತ ಬ್ಯಾಂಕಾಕಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿತ್ತು. ಗುರುಪ್ರಕಾಶ ಅದನ್ನು ಮೊದಲು ಹೇಳಿದ್ದು ತಾಯಿ ದೊಡ್ಡಬಸಮ್ಮನಿಗೆ. ದೊಡ್ಡಬಸಮ್ಮ ಮಧ್ಯಾಹ್ನದೊಳಗೆ ಬೀದಿಯ ಅಷ್ಟೂ ಮನೆಗಳ ಜಗುಲಿಯಲ್ಲಿ ಕೂತು ಎದ್ದು ಬಂದರು. ಸಂಜೆ ಹಾಲಿಗೆ ಹೋದ ಮಾಲಿನಿಯನ್ನು ಡೈರಿಯ ಹತ್ತಿರ ಯಾರೋ ನಿಲ್ಲಿಸಿ, "ಏನವ್ವ, ಫಾರಿನ್‌ಗೆ ಓಯ್ತಿದ್ದಿಯಂತೆ?" ಎಂದು ಕೇಳಿದಾಗಲೇ ಅವಳಿಗೆ ತಿಳಿದದ್ದು.

ಅವಳಿಗೆ ನಂಬಿಕೆಯೇ ಬರಲಿಲ್ಲ. ಮದುವೆಯಾಗಿ ಹತ್ತು ವರ್ಷ ತುಂಬುತ್ತ ಬಂದಿತ್ತು. ಅಷ್ಟರಲ್ಲಿ ಅವಳು ನೋಡಿದ್ದು ವರ್ಷ ವರ್ಷ ಮಾದಪ್ಪನ ಬೆಟ್ಟ, ಒಂದು ಸಲ ಧರ್ಮಸ್ಥಳ. ಮದುವೆಯ ಹೊಸದರಲ್ಲಿ ಗುರುಪ್ರಕಾಶ ಸಿಂಗಪುರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಇಬ್ಬರಿಗೂ ಪಾಸ್‌ಪೋರ್ಟು ಮಾಡಿಸಿದ್ದ. ಆಮೇಲೆ ಅಂಗಡಿ ದೊಡ್ಡದಾಯಿತು, ಮಾವ ತೀರಿಕೊಂಡರು, ಮಗಳು ಮಧುಶ್ರೀ ಹುಟ್ಟಿದಳು. ಸಿಂಗಪುರದ ಮಾತು ನಿಂತುಹೋಯಿತು. ಮಾಲಿನಿಯ ಪಾಸ್‌ಪೋರ್ಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಹಾಗೆಯೇ ಬಿದ್ದಿತ್ತು. ಗುರುಪ್ರಕಾಶನದು ಮಳೆಯಲ್ಲಿ ನೆನೆದು ಹಾಳಾಗಿ, ನಾಲ್ಕು ವರ್ಷದ ಹಿಂದೆ ಅಂಗಡಿಯವರ ಜೊತೆ ದುಬೈಗೆ ಹೋಗುವಾಗ ಹೊಸದಾಗಿತ್ತು. ಆಗ ಕಂಪನಿ ಕರೆದದ್ದು ಗಂಡಸರನ್ನು ಮಾತ್ರ.

ಈ ಸಲ ಎಲ್ಲ ಸಲೀಸು ಎಂದು ಮೈಸೂರಿನ ಟೂರ್ ಏಜೆಂಟ್ ಫೋನಿನಲ್ಲಿ ಹೇಳಿದ್ದ. "ವೀಸಾನೇ ಬೇಡ ಸರ್ ಅಲ್ಲಿಗೆ, ನಮ್ಮ ಇಂಡಿಯಾದವರಿಗೆ ಫ್ರೀ. ಇಳಿಯೋ ಮುಂಚೆ ಆನ್‌ಲೈನಲ್ಲಿ ಒಂದು ಕಾರ್ಡ್ ತುಂಬಬೇಕು, ಅದನ್ನ ನಾವೇ ತುಂಬ್ತೀವಿ. ನೀವು ಪಾಸ್‌ಪೋರ್ಟ್ ಫೋಟೋ ತೆಗೆದು ಕಳಿಸಿ ಸಾಕು." ವೀಸಾ ಬೇಡ ಎಂಬ ಮಾತು ಮನೆಯವರ ಮನಸ್ಸಿನಲ್ಲಿ ಏನೂ ಬೇಡ ಎಂದೇ ಉಳಿಯಿತು. ಮಾಲಿನಿ ಪಾಸ್‌ಪೋರ್ಟು ತೆಗೆದು ನೋಡಿದಳು. ಮುಂದಿನ ಮಾರ್ಚಿನವರೆಗೆ ಇತ್ತು. ಹೊರಡುವುದು ದಸರಾ ರಜೆಯಲ್ಲಿ, ಹೋಗಿ ಬರುವುದು ಒಂದು ವಾರ. ಬೇಕಾದಷ್ಟಾಯಿತು ಎಂದುಕೊಂಡಳು.

ಹೊರಡುವ ಮುಂಚೆ ಕಾಮಗೆರೆಗೆ ಹೋಗಿ ಅಪ್ಪ ಅವ್ವನಿಗೆ ಹೇಳಿ ಬಂದಳು. ಅಪ್ಪ ಪುಟ್ಟಮಾದಪ್ಪನಿಗೆ ಆರು ತಿಂಗಳಿಂದ ಎದೆ ನೋವು ಬಂದು ಬಂದು ಹೋಗುತ್ತಿತ್ತು. ಮಾತ್ರೆ ನುಂಗಿ ಹೊಲದ ಕಡೆ ಹೋಗುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ನಿನ್ ಮೈ ಇಂಗಿರುವಾಗ ಓಗ್ಬೇಕಾ ಅಂತ ಅನ್ನುಸ್ತದೆ ಕಣಪ್ಪ," ಎಂದಳು ಮಾಲಿನಿ.

"ಸುಮ್ಕೆ ಓಗ್ಬುಟ್ ಬಾ ಮಗ. ನಮ್ ವಂಸದಲ್ಲಿ ವಿಮಾನ ಅತ್ತಿದೋರು ಯಾರವ್ರೆ? ನಾನಂತೂ ಉಳೋವಾಗ ತಲೆ ಎತ್ತಿ ನೋಡಿದ್ದೇ ಬಂತು. ನೀ ಮೇಲಿಂದ ನೋಡ್ಬುಟ್ ಬಂದು ನಂಗ್ ಏಳು," ಎಂದು ಪುಟ್ಟಮಾದಪ್ಪ ನಕ್ಕರು. ಅಣ್ಣ ಶಿವಕುಮಾರಸ್ವಾಮಿ ಬಸ್ ಸ್ಟ್ಯಾಂಡಿನವರೆಗೂ ಬಂದು, ಅಲ್ಲಿದ್ದವರಿಗೆಲ್ಲ ಕೇಳುವಂತೆ, "ತಲುಪಿದ್ ತಕ್ಷಣ ಬ್ಯಾಂಕಾಕಿಂದ ಒಂದ್ ಮೆಸೇಜ್ ಆಕ್ಬುಡವ್ವ," ಎಂದು ಹತ್ತಿಸಿ ಹೋದ.

ಹೊರಡುವ ಹಿಂದಿನ ದಿನ ಅಂಗಡಿ ಬೀದಿಯ ಗೆಳೆಯರು ಸೇರಿ ಒಂದು ಫ್ಲೆಕ್ಸ್ ಕಟ್ಟಿದರು. "ವಿದೇಶ ಪ್ರವಾಸ ಕೈಗೊಂಡಿರುವ ದಂಪತಿಗಳಿಗೆ ಹಾರ್ದಿಕ ಶುಭಾಶಯಗಳು." ಮಧ್ಯದಲ್ಲಿ ಗುರುಪ್ರಕಾಶ ಮಾಲಿನಿಯರ ಫೋಟೋ, ಹಿಂದೆ ಒಂದು ವಿಮಾನ. ಮಾಲಿನಿಗೆ ನಾಚಿಕೆಯಾಯಿತು, ಆದರೂ ಹಾಲಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕಣ್ಣೆತ್ತಿ ನೋಡಿದಳು. ಮಧುಶ್ರೀಯನ್ನು ಚಾಮರಾಜನಗರದ ನಾದಿನಿಯ ಮನೆಗೆ ಬಿಟ್ಟದ್ದಾಯಿತು. ಬೀದಿಯವರು ಹಾರ ಹಾಕಿ ಕಾರು ಹತ್ತಿಸಿದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಂಪನಿಯ ಗುಂಪು ಒಟ್ಟಾಗಿ ಸಾಲಿನಲ್ಲಿ ನಿಂತಿತ್ತು. ಉಳಿದ ಹೆಂಗಸರೆಲ್ಲ ಹೊಸ ಚೂಡಿದಾರ ಹಾಕಿಕೊಂಡು ಒಬ್ಬರ ಪರಿಚಯ ಒಬ್ಬರು ಮಾಡಿಕೊಳ್ಳುತ್ತಿದ್ದರು. ಕೌಂಟರಿನ ಹುಡುಗಿ ಗುರುಪ್ರಕಾಶನ ಪಾಸ್‌ಪೋರ್ಟು ನೋಡಿ ಪಕ್ಕಕ್ಕಿಟ್ಟಳು. ಮಾಲಿನಿಯದನ್ನು ನೋಡಿದಳು, ಇನ್ನೊಮ್ಮೆ ನೋಡಿದಳು, ಎದ್ದು ಹೋಗಿ ಒಬ್ಬ ಗಂಡಸನ್ನು ಕರೆತಂದಳು.

"ಮೇಡಂ, ಇದಕ್ಕೆ ಆರು ತಿಂಗಳು ವ್ಯಾಲಿಡಿಟಿ ಇಲ್ಲ," ಎಂದನವನು.

"ಇನ್ನೂ ಐದ್ ತಿಂಗ್ಳು ಮೇಲದೆ ಅಲ್ವಾ ಸಾ?" ಗುರುಪ್ರಕಾಶ ಮುಂದೆ ಬಾಗಿದ. "ನಾವ್ ಇರೋದೇ ಒಂದ್ ವಾರ."

"ನೀವು ಎಷ್ಟು ದಿನ ಇರ್ತೀರಿ ಅನ್ನೋದಲ್ಲ ಸರ್. ಅಲ್ಲಿಗೆ ಇಳಿಯೋ ದಿನದಿಂದ ಆರು ತಿಂಗಳು ಇರಬೇಕು. ಅದು ಆ ದೇಶದ ರೂಲ್ಸು. ನಾವು ಹತ್ತಿಸಿದರೂ ಅಲ್ಲಿ ಒಳಗೆ ಬಿಡೋದಿಲ್ಲ, ಅದೇ ವಿಮಾನದಲ್ಲಿ ವಾಪಸ್ ಕಳಿಸ್ತಾರೆ."

"ವೀಸಾನೇ ಬ್ಯಾಡ ಅಂದಿದ್ರಲ್ಲ!"

"ವೀಸಾ ಬೇಡ ಸರ್. ಪಾಸ್‌ಪೋರ್ಟ್ ಬೇಕಲ್ವಾ?"

ಕಂಪನಿಯ ಟೂರ್ ನೋಡಿಕೊಳ್ಳುವವನು ಓಡಿ ಬಂದ. ಅವನೂ ಕೌಂಟರಿನವರನ್ನು ಕೇಳಿಕೊಂಡ, ಫೋನು ಮಾಡಿದ, ತಲೆ ಕೆರೆದುಕೊಂಡ. ಕೊನೆಗೆ, "ಗ್ರೂಪಲ್ಲಿ ಮೆಸೇಜ್ ಹಾಕಿದ್ದೆನಲ್ಲ ಸರ್, ಎಲ್ಲರೂ ಡೇಟ್ ನೋಡ್ಕೊಳಿ ಅಂತ," ಎಂದ. ಅಂಥ ಮೆಸೇಜುಗಳನ್ನು ಗುರುಪ್ರಕಾಶ ಓದುತ್ತಲೇ ಇರಲಿಲ್ಲ.

ಸಾಲು ಮುಂದಕ್ಕೆ ಸರಿಯುತ್ತಿತ್ತು. ಮಾಲಿನಿ ಗಂಡನ ಮುಖವನ್ನೇ ನೋಡುತ್ತ ನಿಂತಳು. ಸರಿ, ನಡಿ, ಇಬ್ಬರೂ ವಾಪಸ್ಸು ಹೋಗೋಣ ಎಂದು ಅವನು ಹೇಳುತ್ತಾನೆ, ಆಗ ನಾನು, ಬೇಡ, ನೀವು ಹೋಗಿ ಬನ್ನಿ ಅನ್ನಬೇಕು ಎಂದು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದಳು. ಗುರುಪ್ರಕಾಶ ಸಾಲಿನ ಕಡೆ ನೋಡಿದ, ಗಡಿಯಾರ ನೋಡಿದ, ಆಮೇಲೆ ಇಬ್ಬರ ಬಟ್ಟೆಯೂ ಇದ್ದ ದೊಡ್ಡ ಸೂಟ್‌ಕೇಸನ್ನು ಪಕ್ಕಕ್ಕೆಳೆದು ನೆಲದ ಮೇಲೆ ಮಲಗಿಸಿ ಜಿಪ್ಪು ಬಿಚ್ಚಿದ.

"ನಿನ್ ಬಟ್ಟೆ ತಕಂಡ್ಬುಡು," ಎಂದ.

ಅಷ್ಟು ಜನ ಓಡಾಡುವ ಜಾಗದಲ್ಲಿ ಮಂಡಿಯೂರಿ ಕೂತು ಅವಳು ತನ್ನ ಸೀರೆ, ಲಂಗ, ಒಳಬಟ್ಟೆಗಳನ್ನು ಆರಿಸಿ ಕೈಚೀಲಕ್ಕೆ ತುರುಕಿದಳು. ಜಾಗ ಸಾಲದೆ ಪಕ್ಕದ ಹೆಂಗಸೊಬ್ಬಳು ತನ್ನ ಪ್ಲಾಸ್ಟಿಕ್ ಚೀಲ ಕೊಟ್ಟಳು. ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಡಬ್ಬಗಳನ್ನು ಎತ್ತಲು ಹೋದಾಗ ಗುರುಪ್ರಕಾಶ, "ಅದಿರ್ಲಿ, ಅಲ್ಲಿ ಊಟ ಸೇರಲ್ವಂತೆ," ಎಂದ.

"ನೀ ಏನೂ ಅಂದ್ಕಬ್ಯಾಡ," ಜಿಪ್ಪು ಎಳೆಯುತ್ತ ಅವನೇ ಹೇಳಿದ. "ಈಗ ನಾ ನಿಂತ್ಬುಟ್ರೆ ಕಂಪನಿಯೋರು ಮುಂದ್ಕೆ ಕರೆಯಾಕಿಲ್ಲ. ಒರಗಡೆ ಬಸ್ ಅವೆ. ಅವ್ವಂಗೆ ನಾ ಫೋನ್ ಮಾಡಿ ಏಳ್ತೀನಿ."

"ಆಯ್ತು. ಓಗ್ಬುಟ್ ಬನ್ನಿ," ಎಂದಳು ಮಾಲಿನಿ. ಅವಳು ಸಿದ್ಧಮಾಡಿಕೊಂಡಿದ್ದ ಮಾತೇ ಅದು. ಆದರೆ ಅವನು ಕೇಳದೆಯೇ ಆಡಬೇಕಾಗಿ ಬಂತು.

ಕೊಳ್ಳೇಗಾಲದ ಬಸ್ಸು ಮಳವಳ್ಳಿ ದಾಟುವಾಗ ಅತ್ತೆಯ ಫೋನು ಬಂತು. ದೊಡ್ಡಬಸಮ್ಮನ ದನಿ ಪಿಸುಗುಟ್ಟುವಂತಿತ್ತು. "ಬೆಳಕಿರುವಾಗ ಬರ್ಬ್ಯಾಡ ಕಣವ್ವ. ಕೊಳ್ಳೇಗಾಲದಲ್ಲೇ ಒಸಿ ಒತ್ತು ಕೂತಿದ್ದು, ಮಬ್ಬಾದ್ ಮ್ಯಾಲೆ ಇತ್ಲು ಬಾಕ್ಲಿಂದ ಬಾ. ಬೀದಿ ಜನ್ವೆಲ್ಲ ಆರ ಆಕಿ ಕಳಿಸವ್ರೆ. ಈಗ ನೀ ಚೀಲ ಇಡ್ಕಂಡು ತಿರ್ಗ್ ಬಂದೆ ಅಂದ್ರೆ ಅವ್ನು ಅಂಗಡಿ ಬಾಕ್ಲು ತಗಿಯಂಗದಾ? ಫೋನ್ ಆಫ್ ಮಾಡ್ಬುಡು. ಅವ್ನು ಬರೋಗಂಟ ಅಲ್ಲೇ ಇದ್ದೀಯ ಅಂತ ಇರ್ಲಿ."

ಮಾಲಿನಿ ಫೋನು ಆಫ್ ಮಾಡಿದಳು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಸೆರಗು ತಲೆಗೆ ಹೊದ್ದು ಕಂಬದ ಮರೆಯಲ್ಲಿ ಕೂತಳು. ಎದುರಿಗೇ ಹನೂರಿನ ಬಸ್ಸು ನಿಂತಿತ್ತು. ಕಾಮಗೆರೆ, ಕಾಮಗೆರೆ ಎಂದು ಕಂಡಕ್ಟರು ಕೂಗುತ್ತಿದ್ದ. ಎದ್ದು ಹತ್ತಿಬಿಡಲೇ ಅನ್ನಿಸಿತು. ಹತ್ತಿದರೆ ಅರ್ಧ ಗಂಟೆಯಲ್ಲಿ ಅಪ್ಪನ ಹತ್ತಿರ ಇರಬಹುದಿತ್ತು. ಆದರೆ ಹೋಗಿ ಏನೆಂದು ಹೇಳುವುದು? ನನ್ನನ್ನು ಬಿಟ್ಟು ಹೋದರು ಎಂದೇ? ಅಣ್ಣ ಊರಿಗೆಲ್ಲ ಸಾರಿದ್ದಾನೆ. ಅಪ್ಪ ನಕ್ಕು ಕಳಿಸಿದ್ದಾರೆ. ಆ ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು ಬಂದು ಅದೂ ಹೋಯಿತು. ಮಾಲಿನಿ ಏಳಲಿಲ್ಲ.

ಆಮೇಲಿನ ದಿನಗಳು ಮುಚ್ಚಿದ ಮನೆಯೊಳಗೆ ಕಳೆದವು. ಬೀದಿಗೆ ತೆರೆಯುವ ಕಿಟಕಿಗಳನ್ನೆಲ್ಲ ದೊಡ್ಡಬಸಮ್ಮ ಮುಚ್ಚಿದರು. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ, ನಾನೊಬ್ಳೇ ಇರೋದು, ಬರ್ಬ್ಯಾಡ ಎಂದರು. ಮಾಲಿನಿ ಒಗ್ಗರಣೆ ಹಾಕುವಾಗಲೂ ಮುಚ್ಚಳ ಹಿಡಿದು ಹಾಕುತ್ತಿದ್ದಳು. ಯಾರಾದರೂ ಬಾಗಿಲು ತಟ್ಟಿದರೆ ಕೋಣೆಗೆ ಹೋಗಿ ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ನಡುಮನೆಯಲ್ಲಿ ಅತ್ತೆ ಬಂದವರಿಗೆ ಹೇಳುತ್ತಿದ್ದುದು ಕೇಳುತ್ತಿತ್ತು. "ಉಂ ಕಣವ್ವ, ಇಬ್ರೂ ಚೆನ್ನಾಗವ್ರಂತೆ. ಬೆಳಿಗ್ಗೆ ಮಾತಾಡಿದ್ಲು ನಮ್ ಸೊಸೆ. ಸಮುದ್ರದ್ ದಡದಲ್ಲಿ ರೂಮಂತೆ."

ಅತ್ತೆಯ ಫೋನಿನಲ್ಲಿ ಗುರುಪ್ರಕಾಶ ಹಾಕಿದ ಫೋಟೋಗಳು ಬರುತ್ತಿದ್ದವು. ಆನೆಯ ಪಕ್ಕ, ದೋಣಿಯಲ್ಲಿ, ಬಣ್ಣದ ದೀಪಗಳ ಬೀದಿಯಲ್ಲಿ. ಎಲ್ಲದರಲ್ಲೂ ಅವನು, ಇತರ ಅಂಗಡಿಯವರು, ಅವರ ಹೆಂಡಿರು. ಒಂದು ಫೋಟೋದ ಕೆಳಗೆ ಹನೂರಿನ ಪರಿಚಯದವರು ಯಾರೋ, "ಅಕ್ಕ ಎಲ್ಲಿ ಸರ್, ಕಾಣ್ತಾನೇ ಇಲ್ಲ?" ಎಂದು ಬರೆದಿದ್ದರು. ಅದಕ್ಕೆ ಗುರುಪ್ರಕಾಶ, "ಫೋಟೋ ತೆಗೀತಿರೋದೇ ಅವಳು," ಎಂದು ಉತ್ತರ ಹಾಕಿ ನಗುವ ಮುಖ ಅಂಟಿಸಿದ್ದ. ಮಾಲಿನಿ ಅದನ್ನು ಓದಿ ಫೋನು ಅತ್ತೆಯ ಕೈಗೆ ಕೊಟ್ಟಳು. ಮತ್ತೆ ನೋಡಬೇಕೆಂದು ಕೇಳಲಿಲ್ಲ.

ಅವನು ವಾಪಸ್ಸು ಬರುವುದಕ್ಕೆ ಎರಡು ದಿನವಿದ್ದಾಗ, ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ದೊಡ್ಡಬಸಮ್ಮನ ಫೋನು ಬಡಿದುಕೊಂಡಿತು. ಮಗನ ಫೋನು ಎಂದು ಹೇಳಿ ಅವರು ಹಿತ್ತಲಿಗೆ ಹೋದರು. ಬಹಳ ಹೊತ್ತು ಒಳಗೆ ಬರಲಿಲ್ಲ. ಬಂದಾಗ ಮುಖ ಬಾಡಿತ್ತು.

"ಏನತ್ತೆ? ಅವ್ರು ಚೆನ್ನಾಗವ್ರಾ?"

"ಅವ್ನು ಚೆನ್ನಾಗವ್ನೆ. ಅನೂರಲ್ಲಿ ನಮ್ಮೋರೊಬ್ರು ತೀರ್ಕಂಡವ್ರಂತೆ. ಓಗ್ಬುಟ್ ಬತ್ತೀನಿ."

"ಯಾರತ್ತೆ?"

"ನಮ್ಮವ್ವನ್ ಕಡೆಯೋರು. ನಿಂಗ್ ಗೊತ್ತಿಲ್ಲ."

"ಬರಿಗೈಲಿ ಓಗ್ಬ್ಯಾಡಿ ಇರಿ," ಎಂದು ಮಾಲಿನಿ ಹಿತ್ತಲಿಗೆ ಹೋಗಿ, ಪಕ್ಕದ ಮನೆಯವರ ಕಣ್ಣಿಗೆ ಬೀಳದಂತೆ ಬಗ್ಗಿ ಸೇವಂತಿಗೆ ಕಿತ್ತು ತಂದಳು. ಬೇಗ ಬೇಗ ಒಂದು ಹಾರ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ದೊಡ್ಡಬಸಮ್ಮ ಅದನ್ನು ಇಸಿದುಕೊಳ್ಳಲು ತಡಮಾಡಿದರು. ಆಮೇಲೆ ಚೀಲಕ್ಕೆ ಹಾಕಿಕೊಂಡು ಹೊರಗಿನಿಂದ ಬೀಗ ಹಾಕಿ ಹೋದರು.

ಇಳಿಹೊತ್ತಿನಲ್ಲಿ ಆಟೋ ನಿಂತ ಸದ್ದಾಯಿತು. ದೊಡ್ಡಬಸಮ್ಮ ಮುಂಬಾಗಿಲಿಗೆ ಬರದೆ ಹಿತ್ತಲಿಗೆ ಬಂದು, ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಉಟ್ಟ ಸೀರೆಯಲ್ಲೇ ಕುಕ್ಕರಿಸಿದರು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಬರುವುದಿಲ್ಲ ಎಂದು ಗೊತ್ತಿದ್ದ ಮಾಲಿನಿ ಬಿಸಿನೀರು ತಂದು ಚೊಂಬಿನಲ್ಲಿ ಅವರ ತಲೆಯ ಮೇಲೆ ಸುರಿದಳು. ಮೂರನೆಯ ಚೊಂಬು ಸುರಿಯುವಾಗ ಅತ್ತೆಯ ಬೆನ್ನು ನಡುಗುತ್ತಿರುವುದು ಕಂಡಿತು.

"ಚಳಿ ಆಯ್ತದಾ ಅತ್ತೆ?"

ದೊಡ್ಡಬಸಮ್ಮ ಅವಳ ಕೈಯನ್ನು ಚೊಂಬಿನ ಸಮೇತ ಹಿಡಿದುಕೊಂಡರು. "ಉಯ್ಬ್ಯಾಡ ಕಣವ್ವ. ನಂಗೆ ನೀ ಉಯ್ಬ್ಯಾಡ."

"ಯಾಕತ್ತೆ?"

"ತೀರ್ಕಂಡೋರು ನಿಮ್ಮಪ್ಪ."

ಮಾಲಿನಿಗೆ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಯಾರು ಎಂದು ಮತ್ತೆ ಕೇಳಿದಳು. ದೊಡ್ಡಬಸಮ್ಮ ಒದ್ದೆ ಸೀರೆಯಲ್ಲೇ ಅಳುತ್ತ, ಒಂದೊಂದೇ ಹೇಳಿದರು. ನೆನ್ನೆ ಸಂಜೆ ಪುಟ್ಟಮಾದಪ್ಪನಿಗೆ ನೋವು ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಬೆಳಗಿನ ಜಾವ ಹೋಗಿಬಿಟ್ಟರು. ಶಿವಕುಮಾರಸ್ವಾಮಿ ತಂಗಿಗೆ ಫೋನು ಮಾಡಿದರೆ ಆಫ್. ಬ್ಯಾಂಕಾಕಿನಲ್ಲಿದ್ದ ಭಾವನಿಗೆ ಮಾಡಿದ. ಬರುವುದಾದರೆ ನಾಳೆವರೆಗೂ ಇಟ್ಟುಕೊಂಡು ಕಾಯುತ್ತೇವೆ ಎಂದ. ಗುರುಪ್ರಕಾಶ ಗಾಬರಿಯಲ್ಲಿ, ಇಬ್ಬರೂ ಬರಲು ಆಗುವುದಿಲ್ಲ, ಗುಂಪಿನಲ್ಲಿ ಬಂದವರು ಗುಂಪಿನಲ್ಲೇ ವಾಪಸ್ಸು ಹೋಗಬೇಕೆಂದು ಇಲ್ಲಿನ ಇಮಿಗ್ರೇಶನ್ನಿನವರ ರೂಲ್ಸು, ನೀವು ಕಾರ್ಯ ಮುಗಿಸಿಬಿಡಿ, ಮಾಲಿನಿಗೆ ನಾನು ನಿಧಾನವಾಗಿ ಹೇಳುತ್ತೇನೆ ಎಂದುಬಿಟ್ಟಿದ್ದ. ಆಮೇಲೆ ತಾಯಿಗೆ ಫೋನು ಮಾಡಿ, ನೀನು ಹೋಗಿ ನಿಂತುಕೋ ಎಂದಿದ್ದ.

"ಬಾಯಿಗೆ ಬಂದ್ಬುಡ್ತಂತೆ ಕಣವ್ವ ಅವ್ನಿಗೆ. ಆಮೇಲ್ ತಿದ್ದಾಕಾಯ್ತದಾ? ನಾನೂ ಏಳ್ಬುಡವ ಅಂದ್ಕಂಡೆ ಬೆಳಿಗ್ಗೆ. ನೀ ಊವ ಕಟ್ತಾ ಕೂತಿದ್ದೆ. ನನ್ ನಾಲ್ಗೆ ಏಳ್ನಿಲ್ಲ." ದೊಡ್ಡಬಸಮ್ಮ ಮೂಗು ಒರೆಸಿಕೊಂಡರು. "ನೀ ಕಟ್ಟಿದ್ ಆರಾನ ನಾನೇ ಅವ್ರ್ ಕೊಳ್ಗಾಕ್ದೆ ಕಣವ್ವ. ನಿನ್ ಕೈಯಿಂದು ಓಯ್ತು ಅವ್ರ್ ಜೊತೇಲಿ."

ಮಾಲಿನಿ ಚೊಂಬನ್ನು ಕಲ್ಲಿನ ಮೇಲಿಟ್ಟಳು. ಕಾಲಿಗೆ ಚಪ್ಪಲಿಯೂ ಇಲ್ಲದೆ ಮನೆಯೊಳಗೆ ನಡೆದು, ಮುಂಬಾಗಿಲ ಕಡೆಗೆ ಹೋದಳು. ಬಾಗಿಲು ಹೊರಗಿನಿಂದ ಬೀಗ ಹಾಕಿತ್ತು. ಎರಡು ಕೈಯಲ್ಲೂ ಬಾಗಿಲು ಬಡಿದಳು. ದೊಡ್ಡಬಸಮ್ಮ ಒದ್ದೆ ಸೀರೆಯಲ್ಲೇ ಸುತ್ತಿ ಬಂದು ಬೀಗ ತೆಗೆದರು. "ಇತ್ಲು ಕಡೆಯಿಂದ ಓಗವ್ವ," ಎಂದು ಅಂದರೂ ಕೇಳದೆ, ಬೀದಿಯಲ್ಲಿ ಕೂತಿದ್ದವರೆಲ್ಲ ಬಾಯಿ ತೆರೆದು ನೋಡುತ್ತಿರುವಾಗ ಮಾಲಿನಿ ಓಡಿದಳು. "ಯಾವಾಗ ಬಂದೆ ಮಾಲಿನಿ?" ಎಂದು ಯಾರೋ ಕೂಗಿದರು. ಹಿಂದಿನಿಂದ ಅತ್ತೆಯ ದನಿ ಕೇಳಿತು: "ಈಗ್ಲೇ ಬಂದ್ಲು ಕಣ್ರವ್ವ. ಅವ್ರಪ್ಪ ಓಗ್ಬುಟ್ರು ಅಂತ ಒಬ್ಳೇ ವಿಮಾನ ಅತ್ಕಂಡ್ ಬಂದ್ಲು."

ಕಾಮಗೆರೆ ಮುಟ್ಟಿದಾಗ ಸಂಜೆಯಾಗಿತ್ತು. ಮನೆಯ ಮುಂದೆ ಪೆಂಡಾಲು, ಕುರ್ಚಿಗಳು, ನೆಲದ ತುಂಬ ಚೆಲ್ಲಿದ ಹೂವು. ಅಣ್ಣ ತಲೆಗೆ ಟವೆಲು ಸುತ್ತಿಕೊಂಡು ಜಗುಲಿಯ ಮೇಲೆ ಕೂತಿದ್ದ. ಬರಿಗಾಲಲ್ಲಿ ಬಂದ ತಂಗಿಯನ್ನು ನೋಡಿ ಎದ್ದು ನಿಂತ.

"ಎಂಗ್ ಬಂದೆ? ಬರಾಕಾಗಲ್ಲ ಅಂದ್ರಲ್ಲ ಬಾವ?"

"ನಾ ಓಗೇ ಇಲ್ಲ ಕಣಣ್ಣ."

ಅವಳ ಸುತ್ತ ಆಗಲೇ ಹೆಂಗಸರು ಸೇರುತ್ತಿದ್ದರು. ಶಿವಕುಮಾರಸ್ವಾಮಿ ಅವಳ ತೋಳು ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದ. ಅಲ್ಲಿ ಅವಳು ಎಲ್ಲ ಹೇಳಿದಳು. ಕೌಂಟರಿನ ಹುಡುಗಿಯಿಂದ ಹಿಡಿದು ಹಾರದವರೆಗೆ. ಅಣ್ಣ ಕೇಳುತ್ತ ಕೇಳುತ್ತ ಗೋಡೆಗೆ ಒರಗಿದ.

"ಯಳಂದೂರಲ್ಲಿದ್ಯಾ?" ಎಂದ. "ಇಪ್ಪತ್ ಮೈಲಿ ಇಲ್ಲ ಕಣವ್ವ. ನಾನೇ ಬೈಕಲ್ಲಿ ಬಂದು ಕರ್ಕಬತ್ತಿದ್ನಲ್ಲ."

ಅವನ ದನಿ ಒಡೆಯಿತು. ಅಣ್ಣ ಈಗ ಸಿಟ್ಟಾಗುತ್ತಾನೆ, ಯಳಂದೂರಿಗೆ ಹೋಗಿ ಜಗಳ ತೆಗೆಯುತ್ತಾನೆ ಎಂದು ಮಾಲಿನಿ ಕಾದಳು. ಕಾಯುವುದರಲ್ಲಿ ಒಂದು ಆಸೆಯೂ ಇತ್ತು. ಆದರೆ ಶಿವಕುಮಾರಸ್ವಾಮಿ ಟವೆಲಿನಿಂದ ಮುಖ ಒರೆಸಿಕೊಂಡು, "ಇದ ಈಗ ಯಾರ್ಗೂ ಏಳ್ಬ್ಯಾಡ," ಎಂದ. "ಆಯ್ತಲ್ಲ, ಮಣ್ಣಾಗೋಯ್ತು. ಈಗ ಬಾಯ್ ಬುಟ್ರೆ ನಾಳೆ ನೀ ಆ ಮನೇಲಿ ಬಾಳ್ಬೇಕಲ್ವಾ? ಮಗಿನ್ ಮುಕ ನೋಡು. ಅವ್ವಂಗಂತೂ ಏಳ್ಬ್ಯಾಡ."

ಒಳಗೆ ಅವ್ವ ಶಿವರತ್ನಮ್ಮ ಕಂಬಳಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಮಗಳನ್ನು ಕಂಡು ಅಳಲೂ ಶಕ್ತಿಯಿಲ್ಲದೆ ಕೈ ಚಾಚಿದರು. ಮಾಲಿನಿ ಅವರ ತೊಡೆಯ ಮೇಲೆ ಬಿದ್ದಳು.

"ಅಷ್ಟ್ ದೂರ್ದಿಂದ ಬಂದ್ಯಾ ನನ್ ಕೂಸೆ," ಎಂದು ಅವ್ವ ಅವಳ ತಲೆ ಸವರಿದರು. "ನೆನ್ನೆ ಆಸ್ಪತ್ರೇಲಿ ನಿನ್ನೇ ಕೇಳ್ತಿದ್ರು. ಮಾಲಿನಿ ಎಲ್ಲವ್ಳೆ ಅಂದ್ರು. ಬ್ಯಾಂಕಾಕಲ್ಲವ್ಳಲ್ಲ, ಕರಿಸ್ವಾ ಅಂದೆ. ಬ್ಯಾಡ ಬ್ಯಾಡ, ಇಂದೆಂದೂ ನೋಡಿಲ್ಲ ಅದು, ನೋಡ್ಕಂಡ್ ಬರ್ಲಿ ಅಂದ್ರು. ಅದ್ನೇ ಏಳ್ಕಂಡ್ ನಕ್ಕಂಡ್ರು. ಆಮೇಕೆ ಮಾತಾಡ್ನಿಲ್ಲ."

ಮಾಲಿನಿ ಅವ್ವನ ಸೀರೆಯನ್ನು ಬಾಯಿಗೆ ತುರುಕಿಕೊಂಡಳು. ಹೇಳಬಾರದೆಂದು ಅಣ್ಣ ಅಂದಿದ್ದಕ್ಕಿಂತ ಅಪ್ಪ ನಕ್ಕರು ಎಂಬ ಮಾತೇ ಅವಳ ಬಾಯಿ ಕಟ್ಟಿತು. ಹೇಳಿದರೆ ಆ ನಗುವನ್ನೂ ಅವ್ವನಿಂದ ಕಿತ್ತುಕೊಂಡಂತಾಗುತ್ತದೆ.

"ಊವಿನ ವಿಮಾನ ಚೆನ್ನಾಗ್ ಕಟ್ಟಿದ್ರು ಕಣೆ ನಿಮ್ಮಪ್ಪನ್ಗೆ. ಕೂತ್ಕಂಡು ಊರೆಲ್ಲ ನೋಡ್ಕಂಡು ಓದಂಗೇ ಓದ್ರು," ಎಂದರು ಅವ್ವ. ಸತ್ತವರನ್ನು ಕೂರಿಸಿ ಹೊತ್ತೊಯ್ಯುವ ಹೂವಿನ ಮಂಟಪಕ್ಕೆ ಅವರಲ್ಲಿ ವಿಮಾನವೆಂದೇ ಹೆಸರು.

ಮರುದಿನ ಬೆಳಿಗ್ಗೆ ಮಾಲಿನಿ ಒಬ್ಬಳೇ ಹೊಲಕ್ಕೆ ಹೋದಳು. ಬದುವಿನ ಪಕ್ಕ ತಾತನ ಗದ್ದುಗೆಗೆ ತಾಗಿದಂತೆ ಹೊಸ ಮಣ್ಣಿನ ಗುಡ್ಡೆ. ರಾತ್ರಿ ಹನಿದ ಮಳೆಗೆ ಒಂದು ಮೂಲೆ ಕುಸಿದಿತ್ತು. ಮಣ್ಣು ಎತ್ತಿ ಕೂರಿಸಿ ಕೈಯಿಂದ ತಟ್ಟಿದಳು. ಹಾರಗಳೆಲ್ಲ ಒಳಗೆ ಹೋಗಿದ್ದವು. ಅಪ್ಪನ ಮುಖ ನೆನಪು ಮಾಡಿಕೊಳ್ಳಲು ನೋಡಿದಳು. ಬಸ್ ಸ್ಟ್ಯಾಂಡಿನ ಕಂಬ, ಹನೂರಿನ ಬಸ್ಸು, ಕೂಗುತ್ತಿದ್ದ ಕಂಡಕ್ಟರು, ಇವೇ ಕಣ್ಣ ಮುಂದೆ ಬಂದವು. ಅವರ ರೂಲ್ಸಿಗೆ ವಿಮಾನ ತಪ್ಪಿತು, ಸರಿ. ಆ ಬಸ್ಸಿಗೆ ಯಾವ ರೂಲ್ಸಿತ್ತು? ಅದನ್ನು ಹತ್ತಬೇಡ ಎಂದವರು ಯಾರು? ಅತ್ತೆಯಲ್ಲ, ಗಂಡನಲ್ಲ. ಎಷ್ಟು ಸಲ ಕೇಳಿಕೊಂಡರೂ ತನ್ನ ಹೆಸರೇ ಬರುತ್ತಿತ್ತು.

ಗುರುಪ್ರಕಾಶ ವಿಮಾನ ಇಳಿದವನು ನೇರ ಕಾಮಗೆರೆಗೇ ಬಂದ. ಪೆಂಡಾಲಿನಲ್ಲಿದ್ದವರಿಗೆಲ್ಲ ಕೈ ಮುಗಿದ. ಮಾವನ ಫೋಟೋದ ಮುಂದೆ ನಿಂತು ಅತ್ತ. ಆ ಅಳು ಸುಳ್ಳಲ್ಲ ಎಂದು ಮಾಲಿನಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಸುಲಭವಿರುತ್ತಿತ್ತು. ಜನ ಕಡಿಮೆಯಾದಾಗ ಕೊಟ್ಟಿಗೆಯ ಹತ್ತಿರ ಬಂದು, "ನಂಗೆ ತಲೆ ಓಡ್ನಿಲ್ಲ ಕಣೆ. ನಿಮ್ಮಣ್ಣ ಬೆಳಗಾನೆ ಫೋನ್ ಮಾಡ್ಬುಟ್ರು. ಅಲ್ಲವ್ಳೆ ಅಂತ ಎಲ್ರಿಗೂ ಏಳಿದ್ನಲ್ಲ, ತಿರ್ಗ ಇಲ್ಲ ಅನ್ನದೆಂಗೆ?" ಎಂದ.

ಅವಳು ಹಸುವಿನ ಮುಂದೆ ಹುಲ್ಲು ಎಳೆದು ಹಾಕಿದಳು.

"ಬಯ್ಯಾದ್ರೂ ಬಯ್ಯಿ."

"ಏನಂತ ಬಯ್ಲಿ?" ಎಂದಳು ಮಾಲಿನಿ. ಅವನು ಪೆಂಡಾಲಿನ ಕಡೆ ಹೋದ.

ಹನ್ನೊಂದನೆಯ ದಿನ ಶಿವಗಣಾರಾಧನೆ. ಊರವರು, ನೆಂಟರು ತುಂಬಿದ್ದರು. ಯಳಂದೂರಿನಿಂದ ದೊಡ್ಡಬಸಮ್ಮ ಬಂದರು. ನಾದಿನಿಯ ಜೊತೆ ಮಧುಶ್ರೀಯೂ ಬಂದಳು. ಮೊದಲ ಪಂಕ್ತಿ ಎದ್ದು ಹೆಂಗಸರು ಎಲೆಯ ಮುಂದೆ ಕೂತಿದ್ದಾಗ ಹುಡುಗಿ ಓಡಿ ಬಂದು ಅಮ್ಮನ ಕೊರಳಿಗೆ ಜೋತುಬಿದ್ದಳು. ತಾತ ಎಲ್ಲಿ ಎಂದು ಕೇಳಲಿಲ್ಲ, ಅದನ್ನು ಸೋದರತ್ತೆ ದಾರಿಯಲ್ಲೇ ಹೇಳಿದ್ದಳು.

"ಅಮ್ಮ, ವಿಮಾನದಲ್ಲಿ ಕಿಟಕಿ ಪಕ್ಕ ಕೂತಿದ್ಯಾ?"

ಪಾಯಸ ಬಡಿಸುತ್ತಿದ್ದವರು ಸೌಟು ಹಿಡಿದು ನಿಂತರು. ಅಷ್ಟು ದಿನದಿಂದ ಕೇಳಬೇಕೆಂದು ಎಲ್ಲರ ಬಾಯಲ್ಲೂ ಇದ್ದದ್ದು, ಸಾವಿನ ಮನೆಯೆಂದು ಯಾರೂ ಕೇಳದೆ ಉಳಿದಿದ್ದದ್ದು ಅದೇ. ಹತ್ತಾರು ಮುಖಗಳು ಅವಳ ಕಡೆ ತಿರುಗಿದವು. ಎದುರು ಸಾಲಿನಲ್ಲಿ ದೊಡ್ಡಬಸಮ್ಮ ಎಲೆಯನ್ನೇ ನೋಡುತ್ತಿದ್ದರು. ಬಾಗಿಲ ಬಳಿ ನೀರಿನ ಜಗ್ಗು ಹಿಡಿದಿದ್ದ ಅಣ್ಣ ಅಲ್ಲೇ ನಿಂತ. ಅಲ್ಲಿಯವರೆಗೆ ಸುಳ್ಳು ಹೇಳಿದವರೆಲ್ಲ ಬೇರೆಯವರು. ಗಂಡ ಹೇಳಿದ್ದ, ಅತ್ತೆ ಹೇಳಿದ್ದರು, ಅಣ್ಣ ಬಾಯಿ ಮುಚ್ಚಿಸಿದ್ದ. ಅವಳು ಸುಮ್ಮನಿದ್ದಳು, ಅಷ್ಟೆ. ಅವ್ವ ಮೂಲೆಯಿಂದ ಮಗಳ ಕಡೆ ನೋಡುತ್ತಿದ್ದರು. ಆ ಮುಖದಲ್ಲಿ ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ಏನನ್ನೋ ಕೇಳುವ ಆಸೆ ಕಾಣಿಸಿತು.

"ಊಂ ಪುಟ್ಟ," ಎಂದಳು ಮಾಲಿನಿ. "ಕಿಟಕಿ ಪಕ್ಕನೇ ಕೂತಿದ್ದೆ."

"ಕೆಳಗಡೆ ಏನೇನ್ ಕಾಣಿಸ್ತು?"

ಅವಳು ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು. "ಬರೀ ಮೋಡ," ಎಂದಳು. "ದಾರಿಯುದ್ದಕ್ಕೂ ಮೋಡ ಕಣವ್ವ. ಏನೂ ಕಾಣಿಸ್ಲಿಲ್ಲ."

ಪಾಯಸ ಬಡಿಸುವವರು ಮುಂದಿನ ಎಲೆಗೆ ಹೋದರು. ಹೆಂಗಸರು ನಿಟ್ಟುಸಿರು ಬಿಟ್ಟು, ಪಾಪ, ಅಪ್ಪನ ಯೋಚನೆಯಲ್ಲಿ ಏನು ಕಂಡೀತು ಅವಳಿಗೆ ಎಂದು ಮಾತಾಡಿಕೊಂಡರು. ಸಂಜೆ ಗುರುಪ್ರಕಾಶ ಕಾರು ತಂದು ನಿಲ್ಲಿಸಿದ. ಮಧುಶ್ರೀಯ ಸ್ಕೂಲು ನಾಳೆಯಿಂದ ಶುರುವಿತ್ತು. ಮಾಲಿನಿ ಅವ್ವನ ಕಾಲು ಮುಟ್ಟಿ, ಅಣ್ಣನಿಗೆ ಹೇಳಿ, ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಹೋಗಿ ಕೂತಳು.